ಆರೋಗ್ಯ ಪ್ರಶ್ನೋತ್ತರ: ಗಂಡಸರ ವಯಸ್ಸು ಮತ್ತು ಟೆಸ್ಟೋಸ್ಟೆರಾನ್

ಪ್ರಶ್ನೆ: ನನಗೆ 53 ವರ್ಷ. ಕಬ್ಬು, ಭತ್ತ ಬೆಳೆಯುವ ರೈತ. ನಾಲ್ಕು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಎತ್ತರ ಐದೂವರೆ ಅಡಿ, ತೂಕ 84 ಕೆ.ಜಿ. ಇತ್ತೀಚೆಗೆ ವಿಪರೀತ ಸುಸ್ತು, ದಾಂಪತ್ಯದಲ್ಲಿ ಮೊದಲಿನ ಆಸಕ್ತಿಯೂ ಇಲ್ಲ. ತ್ರೀ ಫೇಸ್ ಕರೆಂಟ್ ರಾತ್ರಿ ಹೊತ್ತು ಕೊಡುವುದರಿಂದ ವಾರದಲ್ಲಿ ಹಲವು ರಾತ್ರಿ ನೀರು ಹಾಯಿಸಲು ಗದ್ದೆಗೆ ಹೋಗಬೇಕು. ಶಿಬಿರವೊಂದರಲ್ಲಿ ಮಧ್ಯಾಹ್ನ ಊಟದ ನಂತರ ರಕ್ತ ಕೊಟ್ಟಾಗ ಟೆಸ್ಟೋಸ್ಟೆರಾನ್ 268 ಎಂದು ಬಂತು. ಇಂಜೆಕ್ಷನ್ ಶುರು ಮಾಡಬೇಕು ಎನ್ನುತ್ತಿದ್ದಾರೆ. ಏನು ಮಾಡಲಿ? (ಹೆಸರು ಬೇಡ, ಮದ್ದೂರು ತಾಲ್ಲೂಕು)

ಉತ್ತರ: ಆ ಒಂದು ರಿಪೋರ್ಟನ್ನು ನಂಬಿ ಇಂಜೆಕ್ಷನ್ ಚುಚ್ಚಿಸಿಕೊಳ್ಳಬೇಡಿ. ಗಂಡು ಹಾರ್ಮೋನಾದ ಟೆಸ್ಟೋಸ್ಟೆರಾನಿನ ಮಟ್ಟ ದಿನವಿಡೀ ಒಂದೇ ಸಮನಾಗಿ ಇರುವುದಿಲ್ಲ. ಬೆಳಿಗ್ಗೆ ಹೆಚ್ಚಿದ್ದು ಸಂಜೆಯ ಹೊತ್ತಿಗೆ ಇಳಿಯುತ್ತದೆ, ಊಟ ಮಾಡಿದ ಮೇಲೂ ಸ್ವಲ್ಪ ಹೊತ್ತು ತಗ್ಗಿರುತ್ತದೆ. ಜ್ವರವೋ ಬೇರೆ ಕಾಯಿಲೆಯೋ ಬಂದಾಗ ಇನ್ನಷ್ಟು ಕುಸಿಯುತ್ತದೆ. ಆದ್ದರಿಂದಲೇ ಬೆಳಿಗ್ಗೆ 7ರಿಂದ 10 ಗಂಟೆಯೊಳಗೆ, ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ಎರಡು ದಿನ ರಕ್ತ ಕೊಟ್ಟು ನೋಡಬೇಕೆಂಬ ನಿಯಮವಿದೆ. ಸಾಮಾನ್ಯವಾಗಿ ಡೆಸಿಲೀಟರಿಗೆ 300 ನ್ಯಾನೋಗ್ರಾಮಿಗಿಂತ ಕಡಿಮೆ ಇದ್ದರೆ ಕೊರತೆಯನ್ನು ಅನುಮಾನಿಸುತ್ತೇವೆ. ಆದರೆ ಎರಡು ಬಾರಿಯೂ ಕಡಿಮೆ ಬಂದು, ಜೊತೆಗೆ ಲಕ್ಷಣಗಳೂ ಇದ್ದರೆ ಮಾತ್ರ ಅದನ್ನು ಕೊರತೆ ಎಂದು ಕರೆಯಬಹುದು. ರಾತ್ರಿಯೆಲ್ಲ ಗದ್ದೆಯಲ್ಲಿದ್ದು ಮರುದಿನ ಬೆಳಿಗ್ಗೆ ಹೋಗಿ ರಕ್ತ ಕೊಡಬೇಡಿ, ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಆಗಿರಲಿ.

ಲಕ್ಷಣಗಳ ವಿಷಯದಲ್ಲಿಯೂ ಎಚ್ಚರ ಬೇಕು. ಸುಸ್ತಿಗೆ ನೂರು ಕಾರಣಗಳಿರುತ್ತವೆ: ಹತೋಟಿಗೆ ಬಾರದ ಸಕ್ಕರೆ, ರಕ್ತಹೀನತೆ, ಥೈರಾಯಿಡ್, ಬಿ12 ಕೊರತೆ, ಮನಸ್ಸಿನ ಖಿನ್ನತೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲಿ ಬಿ12 ಕಡಿಮೆಯಾಗುವುದು ನಾವು ದಿನವೂ ಕಾಣುವ ಸಂಗತಿ. ಟೆಸ್ಟೋಸ್ಟೆರಾನ್ ಕೊರತೆಯನ್ನು ಹೆಚ್ಚು ಖಚಿತವಾಗಿ ಸೂಚಿಸುವುದು ಲೈಂಗಿಕ ಆಸಕ್ತಿ ಇಳಿಯುವುದು, ಬೆಳಗಿನ ಜಾವ ತಾನಾಗಿ ಆಗುವ ನಿಮಿರುವಿಕೆ ನಿಂತುಹೋಗುವುದು ಮತ್ತು ನಿಮಿರು ದೌರ್ಬಲ್ಯ. ಇವು ಮೂರೂ ಒಟ್ಟಿಗೆ ಇವೆಯೇ ಎಂಬುದನ್ನು ಸಂಕೋಚಪಡದೆ ನಿಮ್ಮ ವೈದ್ಯರಿಗೆ ಹೇಳಿ.

ವಯಸ್ಸಿನಿಂದಾಗುವ ಇಳಿಕೆ ನಿಮಗನಿಸಿದಷ್ಟು ದೊಡ್ಡದಲ್ಲ. ಮೂವತ್ತು, ನಲವತ್ತು ದಾಟಿದ ಮೇಲೆ ವರ್ಷಕ್ಕೆ ಶೇಕಡಾ ಒಂದರ ಆಸುಪಾಸಿನಲ್ಲಿ ಇಳಿಯುತ್ತದೆ, ಅಷ್ಟೇ. ಆರೋಗ್ಯವಾಗಿರುವ ಎಷ್ಟೋ ಗಂಡಸರಿಗೆ ಎಪ್ಪತ್ತರಲ್ಲಿಯೂ ಸಾಕಷ್ಟು ಮಟ್ಟ ಉಳಿದಿರುತ್ತದೆ. ಅದನ್ನು ನಿಜವಾಗಿ ಕುಸಿಯುವಂತೆ ಮಾಡುವುದು ವಯಸ್ಸಿನ ಜೊತೆಗೆ ಸೇರಿಕೊಳ್ಳುವ ಹೊಟ್ಟೆಯ ಬೊಜ್ಜು, ಸಕ್ಕರೆ ಕಾಯಿಲೆ, ನಿದ್ರಾಹೀನತೆ ಮತ್ತು ಮದ್ಯ. ನಿಮ್ಮ ಪತ್ರದಲ್ಲಿ ಇವುಗಳಲ್ಲಿ ಮೊದಲ ಮೂರೂ ಇವೆ. ಇದು ಹೆದರಬೇಕಾದ ಮಾತಲ್ಲ, ಸರಿಪಡಿಸಬಹುದಾದದ್ದು ಇಷ್ಟೊಂದು ಇದೆ ಎಂಬ ಭರವಸೆಯ ಮಾತು.

ಮೊದಲು ಹೊಟ್ಟೆಯನ್ನು ನೋಡೋಣ. ಅಲ್ಲಿ ಶೇಖರವಾದ ಕೊಬ್ಬಿನಲ್ಲಿ ಅರೊಮಟೇಸ್ ಎಂಬ ಕಿಣ್ವವಿದ್ದು, ಅದು ಟೆಸ್ಟೋಸ್ಟೆರಾನನ್ನು ಹೆಣ್ಣು ಹಾರ್ಮೋನಾದ ಈಸ್ಟ್ರೊಜೆನ್ ಆಗಿ ಪರಿವರ್ತಿಸುತ್ತದೆ. ಇದರ ಜೊತೆಗೆ ಬೊಜ್ಜಿರುವವರಲ್ಲಿ ರಕ್ತದೊಳಗೆ ಈ ಹಾರ್ಮೋನನ್ನು ಹೊತ್ತು ತಿರುಗುವ ಪ್ರೋಟೀನ್ ಕಡಿಮೆಯಿರುತ್ತದೆಯಾದ್ದರಿಂದ, ಕೆಲಸಕ್ಕೆ ಒದಗುವ ಮುಕ್ತ ಹಾರ್ಮೋನ್ ಸಾಕಷ್ಟಿದ್ದರೂ ರಿಪೋರ್ಟಿನ ಒಟ್ಟು ಸಂಖ್ಯೆ ಕಡಿಮೆಯಾಗಿ ಕಾಣಬಹುದು. ನಿಮ್ಮ 268 ಇಂಥದ್ದೇ ಸಂಖ್ಯೆಯಾಗಿರುವ ಸಾಧ್ಯತೆ ಇದೆ. ನಮ್ಮ ದೇಶದ ಗಂಡಸರ ಸೊಂಟದ ಸುತ್ತಳತೆ 90 ಸೆಂಟಿಮೀಟರ್ ದಾಟಬಾರದು. ಇವತ್ತೇ ಟೇಪು ಹಿಡಿದು ಹೊಕ್ಕುಳಿನ ಮಟ್ಟದಲ್ಲಿ ಅಳೆದುಕೊಳ್ಳಿ. ಎಂಟು ಕೆ.ಜಿ. ತೂಕ ಇಳಿಸಿದರೆ ಸಕ್ಕರೆಯೂ ಹತೋಟಿಗೆ ಬರುತ್ತದೆ, ಹಾರ್ಮೋನಿನ ಮಟ್ಟವೂ ಏರುತ್ತದೆ.

‘ನಾನು ರೈತ, ಮೈಮುರಿದು ದುಡಿಯುವವನು’ ಎಂದು ನಿಮಗೆ ಅನ್ನಿಸಬಹುದು. ಆದರೆ ಈಗ ಉಳಲು ಟ್ರ್ಯಾಕ್ಟರ್ ಬಂದಿದೆ, ಕಬ್ಬು ಕಡಿಯಲು ಆಳುಗಳ ಗ್ಯಾಂಗ್ ಬರುತ್ತದೆ, ಗದ್ದೆಗೆ ಹೋಗಿಬರಲು ಬೈಕ್ ಇದೆ. ಮುದ್ದೆಯ ಗಾತ್ರ ಮಾತ್ರ ಅಪ್ಪ ಉಳುತ್ತಿದ್ದ ಕಾಲದ್ದೇ ಉಳಿದುಕೊಂಡಿದೆ. ಮುದ್ದೆ ಬಿಡಬೇಕಿಲ್ಲ, ಎರಡಿದ್ದುದನ್ನು ಒಂದಕ್ಕೆ ಇಳಿಸಿ, ಅದರ ಮೇಲೆ ಅನ್ನ ಬೇಡ. ಹುರುಳಿ, ಹೆಸರು, ಅವರೆಕಾಳಿನ ಸಾರು, ಸೊಪ್ಪು, ಮೊಟ್ಟೆ ಹೆಚ್ಚಿರಲಿ. ಬೆಲ್ಲ ಆಲೆಮನೆಯದೇ ಆದರೂ ಸಕ್ಕರೆ ಕಾಯಿಲೆಯವರಿಗೆ ಸಕ್ಕರೆಗೆ ಸಮ. ದಿನವೂ ಅರ್ಧ ಗಂಟೆ ಬಿರುಸಾದ ನಡಿಗೆ, ವಾರದಲ್ಲಿ ಎರಡು ಮೂರು ದಿನ ಬಸ್ಕಿ, ದಂಡ ಅಥವಾ ಭಾರ ಎತ್ತುವ ವ್ಯಾಯಾಮ ಮಾಡಿ. ಮೈಸೂರಿನ ಗರಡಿಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಈ ಸಾಧನೆಗೆ ಯಾವ ಯಂತ್ರವೂ ಬೇಕಿಲ್ಲ. ವ್ಯಾಯಾಮವೊಂದರಿಂದಲೇ ಹಾರ್ಮೋನ್ ಬಹಳ ಏರಿಬಿಡುತ್ತದೆ ಎಂದು ನಾನು ಹೇಳಲಾರೆ. ಸ್ನಾಯು ಉಳಿಯುತ್ತದೆ, ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡುತ್ತದೆ, ಬೊಜ್ಜು ಕರಗುತ್ತದೆ. ನಿಮಗೆ ಆಗಬೇಕಾಗಿರುವುದೂ ಅದೇ.

ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ನಿಮ್ಮ ರಾತ್ರಿಯ ನೀರು ಹಾಯಿಸುವ ಕೆಲಸ. ಟೆಸ್ಟೋಸ್ಟೆರಾನ್ ಹೆಚ್ಚಾಗಿ ಉತ್ಪತ್ತಿಯಾಗುವುದು ನಿದ್ದೆಯಲ್ಲಿಯೇ. ಷಿಕಾಗೋ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತು ಮಂದಿ ಆರೋಗ್ಯವಂತ ಯುವಕರನ್ನು ಒಂದು ವಾರ ರಾತ್ರಿಗೆ ಐದು ಗಂಟೆ ಮಾತ್ರ ಮಲಗಿಸಿದಾಗ, ಅವರ ಹಗಲಿನ ಮಟ್ಟ ಶೇಕಡಾ 10ರಿಂದ 15ರಷ್ಟು ಇಳಿದಿತ್ತು. ಕೆಲವೇ ಜನರ ಅಧ್ಯಯನವಾದರೂ, ಒಂದು ವಾರದಲ್ಲಿ ಆದ ಇಳಿಕೆ ಹತ್ತು ವರ್ಷ ವಯಸ್ಸಾದಾಗ ಆಗುವಷ್ಟಿದೆ ಎಂಬುದನ್ನು ಗಮನಿಸಿ. ಕರೆಂಟಿನ ವೇಳೆಯನ್ನು ಬದಲಿಸುವುದು ನಿಮ್ಮ ಕೈಯಲ್ಲಿ ಇಲ್ಲ ಎಂಬುದನ್ನು ಬಲ್ಲೆ. ಮಗನೋ ಅಕ್ಕಪಕ್ಕದ ಜಮೀನಿನವರೋ ಸೇರಿ ಸರದಿ ಮಾಡಿಕೊಳ್ಳಲು ಸಾಧ್ಯವೇ ನೋಡಿ. ಅದೂ ಆಗದಿದ್ದರೆ, ಗದ್ದೆಯಿಂದ ಬಂದ ಮೇಲೆ ಕತ್ತಲು ಮಾಡಿದ ಕೋಣೆಯಲ್ಲಿ ಯಾರೂ ಎಬ್ಬಿಸದಂತೆ ಆ ನಿದ್ದೆಯನ್ನು ಪೂರೈಸಿ.

ಆರು ತಿಂಗಳು ಹೀಗೆ ನಡೆದುಕೊಂಡ ಮೇಲೆಯೂ ಎರಡು ಬೆಳಗಿನ ಪರೀಕ್ಷೆಗಳಲ್ಲಿ ಕಡಿಮೆಯೇ ಬಂದರೆ, ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಹಾರ್ಮೋನುಗಳಾದ ಎಲ್.ಹೆಚ್. ಮತ್ತು ಪ್ರೊಲ್ಯಾಕ್ಟಿನ್ ಪರೀಕ್ಷೆಗಳೊಡನೆ ಹಾರ್ಮೋನ್ ತಜ್ಞರನ್ನು ಕಾಣಿ. ಮೊದಲ ಫಲಿತಾಂಶವೇ ತೀರಾ ಕಡಿಮೆ ಬಂದರೆ, ಅಥವಾ ತಲೆನೋವು, ದೃಷ್ಟಿ ಮಂಜಾಗುವುದು ಇದ್ದರೆ ಕಾಯದೆ ಹೋಗಿ. ಪಿಟ್ಯುಟರಿ ಗ್ರಂಥಿಯ ಗಡ್ಡೆ, ಮಂಗನಬಾವು ವೃಷಣಕ್ಕೆ ತಗುಲಿ ಆದ ಹಾನಿ ಮುಂತಾದ ಕಾರಣಗಳಿಂದ ನಿಜವಾದ ಕೊರತೆ ಇರುವವರಿಗೆ ಟೆಸ್ಟೋಸ್ಟೆರಾನ್ ಒಳ್ಳೆಯ ಔಷಧಿ. ಅಂಥವರೂ ರಕ್ತ ಮಂದವಾಗುತ್ತಿದೆಯೇ ಎಂದು ಹೆಮಟೊಕ್ರಿಟ್ ಪರೀಕ್ಷೆ, ಪ್ರಾಸ್ಟೇಟಿಗಾಗಿ ಪಿ.ಎಸ್.ಎ. ಪರೀಕ್ಷೆ ಮಾಡಿಸುತ್ತಲೇ ಇರಬೇಕು. ಕೊರತೆಯ ಜೊತೆಗೆ ಹೃದ್ರೋಗವೋ ಅದರ ಅಪಾಯವೋ ಇದ್ದ ಐದು ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಟ್ರಾವರ್ಸ್ ಅಧ್ಯಯನದಲ್ಲಿ ಈ ಹಾರ್ಮೋನಿನ ಜೆಲ್‌ನಿಂದ ಹೃದಯಾಘಾತ, ಪಾರ್ಶ್ವವಾಯು ಹೆಚ್ಚಾಗಲಿಲ್ಲ. ಆದರೆ ಎದೆಬಡಿತದ ಲಯ ತಪ್ಪುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಔಷಧಿ ಪಡೆದವರಲ್ಲಿ ಹೆಚ್ಚು ಕಂಡುಬಂತು.

ಪ್ರಶ್ನೆ: ವಯಸ್ಸು 34. ಜಿಮ್ಮಿನಲ್ಲಿ ಪರಿಚಯವಾದವರ ಮಾತು ಕೇಳಿ ಒಂದು ವರ್ಷ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತೆಗೆದುಕೊಂಡೆ. ಈಗ ಮಗು ಬೇಕೆಂದು ಪರೀಕ್ಷೆ ಮಾಡಿಸಿದರೆ ವೀರ್ಯಾಣು ಸೊನ್ನೆ ಎಂದು ಬಂದಿದೆ. (ಓದುಗರು, ಕುವೆಂಪುನಗರ, ಮೈಸೂರು)

ಉತ್ತರ: ಮೇಲಿನ ಟ್ಯಾಂಕ್ ತುಂಬಿದಾಗ ಮೋಟಾರ್ ತಾನಾಗಿ ನಿಲ್ಲುವಂತೆ, ಹೊರಗಿನಿಂದ ಬಂದ ಹಾರ್ಮೋನ್ ರಕ್ತದಲ್ಲಿ ತುಂಬಿದಾಗ ಪಿಟ್ಯುಟರಿ ಗ್ರಂಥಿ ವೃಷಣಗಳಿಗೆ ಸಂದೇಶ ಕಳುಹಿಸುವುದನ್ನು ನಿಲ್ಲಿಸುತ್ತದೆ. ವೀರ್ಯಾಣು ಬೆಳೆಯಲು ವೃಷಣದೊಳಗೆ ರಕ್ತದಲ್ಲಿರುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಟೆಸ್ಟೋಸ್ಟೆರಾನ್ ಇರಬೇಕು, ಇಂಜೆಕ್ಷನ್ನಿನಿಂದ ಅದು ಒದಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಗಂಡಸರ ಗರ್ಭನಿರೋಧಕವಾಗಿ ಪ್ರಯೋಗಿಸಿ ನೋಡಿದ್ದು ಇದೇ ಹಾರ್ಮೋನಿನ ಇಂಜೆಕ್ಷನ್ ಎಂಬುದನ್ನು ಜಿಮ್ಮಿನಲ್ಲಿ ನಿಮಗೆ ಯಾರೂ ಹೇಳಿರಲಾರರು.

ಧೈರ್ಯಗೆಡಬೇಡಿ. ನಿಲ್ಲಿಸಿದ ಮೇಲೆ ಬಹುಪಾಲು ಜನರಲ್ಲಿ ವೀರ್ಯಾಣು ಮರಳುತ್ತದೆ, ಆದರೆ ಆರು ತಿಂಗಳಿಂದ ಒಂದು ವರ್ಷ, ಕೆಲವರಿಗೆ ಅದಕ್ಕಿಂತಲೂ ಹೆಚ್ಚು ಕಾಲ ಬೇಕಾದೀತು. ಮೊದಲ ತಿಂಗಳುಗಳಲ್ಲಿ ಸುಸ್ತು, ಬೇಸರ, ನಿರಾಸಕ್ತಿ ಇರುತ್ತದೆ. ಅದನ್ನು ತಾಳಲಾರದೆ ಮತ್ತೆ ಇಂಜೆಕ್ಷನ್ನಿಗೆ ಮರಳುವವರೂ ಇದ್ದಾರೆ. ಮೂತ್ರರೋಗ ಅಥವಾ ಹಾರ್ಮೋನ್ ತಜ್ಞರ ಬಳಿ ತೆಗೆದುಕೊಂಡಿದ್ದೆಲ್ಲವನ್ನೂ ಮುಚ್ಚಿಡದೆ ಹೇಳಿ, ವೃಷಣವನ್ನು ಮತ್ತೆ ಚುರುಕುಗೊಳಿಸುವ ಔಷಧಿಗಳನ್ನು ಅವರು ಕೊಡಬಲ್ಲರು. ನಿಮ್ಮ ಪತ್ನಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ನಮ್ಮ ಯಜಮಾನರಿಗೆ 64 ವರ್ಷ. ನಿಮಿರು ದೌರ್ಬಲ್ಯವಿದೆ. ‘ಗಂಡಸ್ತನ ಹೆಚ್ಚಿಸುವ ಪುಡಿ’ ಎಂದು ಯಾರೋ ಕೊಟ್ಟ ಪೊಟ್ಟಣವನ್ನೂ ಅಶ್ವಗಂಧವನ್ನೂ ಸೇವಿಸುತ್ತಿದ್ದಾರೆ. ಬಿ.ಪಿ. ಮತ್ತು ಥೈರಾಯಿಡ್ ಮಾತ್ರೆಗಳೂ ನಡೆಯುತ್ತಿವೆ. ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತಾರೆ. (ಒಬ್ಬ ಗೃಹಿಣಿ, ಮಂಡ್ಯ)

ಉತ್ತರ: ತಾಯಿ, ನೀವು ಬರೆದದ್ದು ಒಳ್ಳೆಯದಾಯಿತು. ಹೆಸರು, ಅಂಶಗಳ ವಿವರ ಯಾವುದೂ ಇಲ್ಲದ ಆ ಪುಡಿಯನ್ನು ಇಂದೇ ನಿಲ್ಲಿಸಿಸಿ. ಇಂಥ ಪುಡಿಗಳಲ್ಲಿ ನಿಮಿರು ದೌರ್ಬಲ್ಯಕ್ಕೆ ಕೊಡುವ ಸಿಲ್ಡೆನಾಫಿಲ್ ಎಂಬ ಅಲೋಪತಿ ಔಷಧಿಯನ್ನೇ ಗುಟ್ಟಾಗಿ ಬೆರೆಸಿರುವುದು ಅನೇಕ ಕಡೆ ಪತ್ತೆಯಾಗಿದೆ. ಎದೆನೋವೆಂದು ನಾಲಿಗೆಯ ಕೆಳಗೆ ಸಾರ್ಬಿಟ್ರೇಟ್ ಎಂಬ ಹೃದಯದ ಮಾತ್ರೆ ಇಟ್ಟುಕೊಳ್ಳುವ ಸಂದರ್ಭ ಬಂದರೆ, ಇವೆರಡೂ ಸೇರಿ ರಕ್ತದೊತ್ತಡ ಪ್ರಾಣಾಪಾಯವಾಗುವಷ್ಟು ಕುಸಿಯಬಹುದು. ಅಶ್ವಗಂಧದಿಂದ ಟೆಸ್ಟೋಸ್ಟೆರಾನ್ ಸ್ವಲ್ಪ ಏರಿತೆಂದು ಹೇಳುವ ಸಣ್ಣ ಅಧ್ಯಯನಗಳು ಇವೆ. ಆದರೆ ಅದು ಥೈರಾಯಿಡ್ ಹಾರ್ಮೋನನ್ನು ಏರುಪೇರು ಮಾಡಬಲ್ಲದು, ಅಪರೂಪಕ್ಕೆ ಯಕೃತ್ತಿಗೂ ಹಾನಿ ಮಾಡಿದೆ. ಆದ್ದರಿಂದ ಅವರ ವೈದ್ಯರನ್ನು ಕೇಳದೆ ಮುಂದುವರಿಸುವುದು ಬೇಡ.

ಈ ವಯಸ್ಸಿನಲ್ಲಿ ನಿಮಿರು ದೌರ್ಬಲ್ಯಕ್ಕೆ ಹಾರ್ಮೋನಿಗಿಂತ ರಕ್ತನಾಳಗಳೇ ಹೆಚ್ಚಾಗಿ ಕಾರಣವಾಗಿರುತ್ತವೆ. ಅಲ್ಲಿನ ಸಣ್ಣ ನಾಳ ಕಿರಿದಾಗುವುದು ಹೃದಯದ ನಾಳ ಕಿರಿದಾಗುವುದಕ್ಕೆ ಕೆಲವು ವರ್ಷ ಮುಂಚಿತವಾಗಿಯೇ ಕಾಣಿಸಿಕೊಳ್ಳಬಹುದು. ಇ.ಸಿ.ಜಿ., ಕೊಲೆಸ್ಟರಾಲ್, ಸಕ್ಕರೆ ಪರೀಕ್ಷೆಗಳನ್ನು ಮೊದಲು ಮಾಡಿಸಿ. ಕೆಲವು ಬಿ.ಪಿ. ಮಾತ್ರೆಗಳಿಂದಲೂ ಈ ತೊಂದರೆ ಬರುತ್ತದೆಯಾದರೂ ತಾವಾಗಿಯೇ ನಿಲ್ಲಿಸಬಾರದು, ವೈದ್ಯರೇ ಬದಲಿಸಿ ಕೊಡಬೇಕು. ಗೊರಕೆಯ ನಡುವೆ ಉಸಿರು ಕೆಲ ಕ್ಷಣ ನಿಂತು, ಏದುಸಿರಿನೊಂದಿಗೆ ಮತ್ತೆ ಶುರುವಾಗುತ್ತದೆಯೇ ಎಂದು ರಾತ್ರಿ ಗಮನಿಸಿ. ಮಲಗಿದವರಿಗೆ ಅದು ತಿಳಿಯುವುದಿಲ್ಲ. ಹಾಗಿದ್ದಲ್ಲಿ ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ಹೋಗಿ ವೈದ್ಯರಿಗೆ ತೋರಿಸಿ, ನಿದ್ದೆಯ ಪರೀಕ್ಷೆ ಬೇಕೇ ಎಂಬುದನ್ನು ಅವರು ನಿರ್ಧರಿಸುತ್ತಾರೆ.