ಠಾಣೆ ಮೆಟ್ಟಿಲು: ‘ನಾನ್ಯಾರು ಗೊತ್ತಾ?’ ಎನ್ನುವ ಮೊದಲು

(ಕಾನ್‌ಸ್ಟೇಬಲ್ ಆಗಿ ಸೇರಿ, ಹೆಗಲ ಮೇಲೆ ಎರಡು ನಕ್ಷತ್ರ ಬಂದ ಮೇಲೆ ನಿವೃತ್ತರಾದ ಸಬ್ ಇನ್‌ಸ್ಪೆಕ್ಟರ್ ಒಬ್ಬರು ಓದುಗರಿಗೆ ಉತ್ತರಿಸುವ ಅಂಕಣ)

ಬೆಂಗಳೂರಿನಲ್ಲಿ ಫುಡ್ ಡೆಲಿವರಿ ಮಾಡುತ್ತೇನೆ. ಹೆಲ್ಮೆಟ್ ಹ್ಯಾಂಡಲ್‌ಗೆ ನೇತು ಹಾಕಿಕೊಂಡು ಹೋಗುವಾಗ ಟ್ರಾಫಿಕ್ ಪೊಲೀಸರು ಹಿಡಿದರು. ‘ಇಷ್ಟು ಜನ ಹೋಗ್ತಿದಾರೆ, ನಾನೊಬ್ಬನೇ ಕಂಡೆನಾ?’ ಎಂದೆ. ಅಲ್ಲಿಗೆ ಕೆಟ್ಟಿತು. ಕೀ ಕಿತ್ತುಕೊಂಡರು, ಹಳೇ ಕೇಸೆಲ್ಲ ತೆಗೆದರು, ಮುಕ್ಕಾಲು ಗಂಟೆ ನಿಲ್ಲಿಸಿದರು. ಕೇಳಿದ್ದೇ ತಪ್ಪಾಯಿತಾ?
— ಡೆಲಿವರಿ ಹುಡುಗ, ಬೆಂಗಳೂರು

ತಪ್ಪೇನಲ್ಲ. ಆದರೆ ಆ ಪ್ರಶ್ನೆಗೆ ಯಾವ ಪೊಲೀಸಿನವನ ಹತ್ತಿರವೂ ಉತ್ತರ ಇರುವುದಿಲ್ಲ. ಬೆಳಿಗ್ಗೆ ರೋಲ್‌ಕಾಲ್ ಮುಗಿಸಿ ಬಂದು ಹೊಗೆಯಲ್ಲಿ ನಿಂತವನು ನಿಮಗಿಂತ ಮೊದಲು ಹಿಡಿದವರೆಲ್ಲರ ಬಾಯಲ್ಲೂ ಅದನ್ನೇ ಕೇಳಿರುತ್ತಾನೆ. ಅಲ್ಲಿಯವರೆಗೆ ವಿಷಯ ಹೆಲ್ಮೆಟ್ಟಿನದು. ಆಮೇಲೆ ‘ಇವನು ನನ್ನನ್ನೇ ಕೇಳ್ತಾನಾ’ ಎನ್ನುವುದೇ ವಿಷಯವಾಗುತ್ತದೆ. ‘ಹೌದು ಸರ್, ಹಾಕಿರಲಿಲ್ಲ, ಚಲನ್ ಕೊಡಿ’ ಎಂದಿದ್ದರೆ ಐದು ನಿಮಿಷದ ಕೆಲಸ.

ಮರ್ಯಾದೆಯಿಂದ ಮಾತಾಡಿದರೆ ದಂಡ ಬಿಡುತ್ತಾರೆ ಎಂದು ನಾನು ಹೇಳುತ್ತಿಲ್ಲ. ನಮ್ಮ ರಾಜ್ಯದಲ್ಲಿ ಹೆಲ್ಮೆಟ್ಟಿಗೆ 500 ರೂಪಾಯಿ, ಕೈ ಮುಗಿದರೂ 500. (2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಸಿಕ್ಕಿದ್ದು ಸರ್ಕಾರದ ಆದೇಶದಿಂದ, ಯಾವ ಪೇದೆಯ ಕರುಣೆಯಿಂದಲೂ ಅಲ್ಲ.) ನಿಮಗೆ ಉಳಿಯುತ್ತಿದ್ದುದು ಆ ಮುಕ್ಕಾಲು ಗಂಟೆ. ನಿಮ್ಮ ಕಸುಬಿನಲ್ಲಿ ಅದು ಒಂದೆರಡು ಆರ್ಡರ್ ಅಲ್ಲವೇ?

ಹಳೇ ಕೇಸು ತೆಗೆದಿದ್ದನ್ನು ಹಗೆ ಎಂದುಕೊಳ್ಳಬೇಡಿ. ಗಾಡಿ ನಂಬರ್ ಹಾಕಿದರೆ ಬಾಕಿಯೆಲ್ಲ ಮಷೀನಿನಲ್ಲಿ ತಾನಾಗಿ ಬರುತ್ತದೆ. ಕೀ ಕೀಳುವುದನ್ನು ಮಾತ್ರ ನಾನು ಒಪ್ಪುವುದಿಲ್ಲ, ಸೇವೆಯಲ್ಲಿದ್ದಾಗಲೂ ಒಪ್ಪುತ್ತಿರಲಿಲ್ಲ. ಎಂಜಿನ್ ಆಡುತ್ತಿದ್ದರೆ ಇವನು ಎತ್ತಿಕೊಂಡು ಹೋಗುತ್ತಾನೆ ಎಂಬ ಅನುಮಾನ ಅವರದು. ಆ ಅನುಮಾನಕ್ಕೆ ಎಡೆ ಕೊಡಬೇಡಿ. ಗಾಡಿ ಪಕ್ಕಕ್ಕೆ ಹಾಕಿ, ಆಫ್ ಮಾಡಿ, ಕೀ ನೀವೇ ಜೇಬಿಗಿಟ್ಟುಕೊಂಡು ಕೆಳಗಿಳಿಯಿರಿ. ಡಿಎಲ್, ಆರ್‌ಸಿ ಸರ್ಕಾರದ ಡಿಜಿಲಾಕರ್ ಆ್ಯಪ್‌ನಲ್ಲಿದ್ದರೆ ಸಾಕು, ಮೋಟಾರು ವಾಹನ ನಿಯಮದಲ್ಲೇ ಅದಕ್ಕೆ ಮಾನ್ಯತೆ ಇದೆ. ‘ಒರಿಜಿನಲ್ ತೋರಿಸು’ ಎಂದರೆ ‘ಸರ್, ಡಿಜಿಲಾಕರ್ ನಡೆಯುತ್ತೆ, ನೋಡಿ’ ಎಂದು ಫೋನ್ ಮುಂದೆ ಹಿಡಿಯಿರಿ. ‘ಕಾನೂನು ಓದಿದೀರಾ?’ ಎನ್ನಬೇಡಿ. ಎರಡರ ಅರ್ಥವೂ ಒಂದೇ, ಫಲ ಬೇರೆ. ಈಗ ಬೆಂಗಳೂರಿನ ಟ್ರಾಫಿಕ್ ಸಿಬ್ಬಂದಿಯ ಎದೆ ಮೇಲೆ ಬಾಡಿ ಕ್ಯಾಮೆರಾ ಇರುತ್ತದೆ. ನಾಳೆ ನೀವೇ ದೂರು ಕೊಟ್ಟರೆ ಅದರಲ್ಲಿ ಅವರ ಮಾತಿನ ಜೊತೆ ನಿಮ್ಮ ಮಾತೂ ಇರುತ್ತದೆ.

ಬಸ್ಸಿನಲ್ಲಿ ನಮ್ಮ ಅತ್ತೆಯವರ ಸರ ಕಳುವಾಯಿತು. ಠಾಣೆಯಲ್ಲಿ ‘ನಾಳೆ ಬನ್ನಿ’ ಎಂದರು. ನಮ್ಮ ಯಜಮಾನರು ‘ನಾನ್ಯಾರು ಗೊತ್ತಾ? ಎಂಎಲ್‌ಎಗೆ ಫೋನ್ ಮಾಡ್ಲಾ?’ ಎಂದು ಕೂಗಾಡಿದರು. ಈಗ ಮತ್ತೆ ಹೋಗಲು ಮುಜುಗರ.
— ಗೃಹಿಣಿ, ತುಮಕೂರು ಜಿಲ್ಲೆ

ಯಜಮಾನರನ್ನು ಮನೆಯಲ್ಲಿ ಬಿಟ್ಟು ಹೋಗಿ. ತಮಾಷೆಯಲ್ಲ. ಠಾಣೆಯಲ್ಲಿ ‘ನಾನ್ಯಾರು ಗೊತ್ತಾ’ ಎನ್ನುವಷ್ಟು ಕೆಲಸಗೆಡಿಸುವ ಮಾತು ಇನ್ನೊಂದಿಲ್ಲ. ಎಂಎಲ್‌ಎ ಫೋನು ಬಂದರೆ ನಿಮ್ಮನ್ನು ಕೂರಿಸಿ ಕಾಫಿ ಕೊಡುತ್ತಾರೆ, ಅರ್ಜಿ ಅಲ್ಲೇ ಇರುತ್ತದೆ.

ಈ ಸಲ ಬರೆದುಕೊಂಡೇ ಹೋಗಿ. ಯಾವ ಬಸ್ಸು, ಎಲ್ಲಿ ಹತ್ತಿದಿರಿ, ಎಷ್ಟು ಹೊತ್ತಿಗೆ ಗೊತ್ತಾಯಿತು, ಸರದ ತೂಕ ಎಷ್ಟು, ರಸೀದಿ ಇದ್ದರೆ ಅದರ ಜೆರಾಕ್ಸ್. ಅರ್ಜಿ ಎರಡು ಪ್ರತಿ ಇರಲಿ. ಬಾಗಿಲಲ್ಲಿ ಸಿಕ್ಕವರಿಗೆಲ್ಲ ಕಥೆ ಹೇಳಬೇಡಿ, ಎಸ್‌ಎಚ್‌ಒ (ಠಾಣೆಯ ಮುಖ್ಯಸ್ಥರು) ಯಾರೆಂದು ಕೇಳಿ ಅವರಿಗೇ ಕೊಡಿ. ಹೆಗಲ ಮೇಲೆ ಎರಡು ನಕ್ಷತ್ರ ಇದ್ದರೆ ಪಿಎಸ್‌ಐ (ಸಬ್ ಇನ್‌ಸ್ಪೆಕ್ಟರ್), ಮೂರಿದ್ದರೆ ಇನ್‌ಸ್ಪೆಕ್ಟರ್. ಠಾಣೆಯ ಬರವಣಿಗೆ ನೋಡಿಕೊಳ್ಳುವ ರೈಟರ್‌ಗೂ ಒಂದು ನಮಸ್ಕಾರ ಹಾಕಿ. ಹೊರಗಿನವರಿಗೆ ಗೊತ್ತಿಲ್ಲ, ಕಾಗದ ನಡೆಯುವುದು ಆತನ ಮೇಜಿನಿಂದ.

ಬಸ್ಸಿನಲ್ಲಾದ ಇಂಥ ಕಳವಿನ ದೂರಿಗೆ ಎಫ್‌ಐಆರ್ ಹಾಕಲೇಬೇಕು. ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲೇ ಇದನ್ನು ಇತ್ಯರ್ಥ ಮಾಡಿದೆ. ‘ಬಸ್ಸು ನಮ್ಮ ಸರಹದ್ದಲ್ಲಿ ಇರಲಿಲ್ಲ’ ಎನ್ನುವ ಹಾಗೂ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಎಫ್‌ಐಆರ್ ಪ್ರತಿ ಪುಕ್ಕಟೆ. ಆದರೆ ಈ ಕಲಮನ್ನು ಹೋದ ಕೂಡಲೇ ಬೀಸಬೇಡಿ, ಚೀಲದಲ್ಲಿರಲಿ. ಮೊದಲು ‘ಸರ್, ಸ್ವೀಕೃತಿ ಸೀಲು ಹಾಕಿ ಕೊಡಿ’ ಎನ್ನಿ. ಆಗುವುದಿಲ್ಲ ಎಂದರೆ ದನಿ ಏರಿಸದೆ, ‘ಹಾಗಾದರೆ ಹಿಂಬರಹ ಕೊಟ್ಟುಬಿಡಿ’ ಎನ್ನಿ. ಹಿಂಬರಹ ಎಂದರೆ ನಿಮ್ಮ ಅರ್ಜಿ ಏನಾಯಿತು ಎಂದು ಸಹಿ ಹಾಕಿ ಬರೆದುಕೊಡುವುದು. ‘ನಾಳೆ ಬನ್ನಿ’ ಎಂದು ಬಾಯಲ್ಲಿ ಹೇಳುವುದು ಸುಲಭ, ಸಹಿ ಹಾಕಿ ಹೇಳಲು ಯಾರಿಗೂ ಮನಸ್ಸು ಬರುವುದಿಲ್ಲ. ಇಷ್ಟರ ಮೇಲೂ ಆಗದಿದ್ದರೆ ಅದೇ ಅರ್ಜಿಯನ್ನು ಅಂಚೆಯಲ್ಲಿ ಎಸ್‌ಪಿಯವರಿಗೆ ಕಳಿಸಿ, ನಂತರ ಮ್ಯಾಜಿಸ್ಟ್ರೇಟರ ಬಾಗಿಲು ಇದ್ದೇ ಇದೆ.

ನನಗೆ 68. ಪಕ್ಕದ ಮನೆಯ ಜಗಳಕ್ಕೆ ಸಾಕ್ಷಿ ಹೇಳಲು ಠಾಣೆಗೆ ಬಾ ಎನ್ನುತ್ತಿದ್ದಾರೆ. ಹೋಗಲೇಬೇಕೇ?
— ನಿವೃತ್ತ ಶಿಕ್ಷಕ, ಹಾವೇರಿ

ಬೇಕಿಲ್ಲ. ಅದೇ ಸಂಹಿತೆಯ 179ನೇ ಕಲಮಿನಂತೆ 60 ದಾಟಿದ ಗಂಡಸರನ್ನು, ಯಾವ ವಯಸ್ಸಿನ ಹೆಂಗಸರನ್ನೇ ಆಗಲಿ, ಸಾಕ್ಷಿಯ ವಿಚಾರಣೆಗೆ ಮನೆ ಬಿಟ್ಟು ಬೇರೆಡೆ ಬರಲು ಒತ್ತಾಯಿಸುವಂತಿಲ್ಲ. ‘ಬರಲ್ಲ’ ಎನ್ನುವ ಬದಲು ‘ಮನೆಗೇ ಬನ್ನಿ ಸರ್, ಕಂಡದ್ದನ್ನೆಲ್ಲ ಹೇಳುತ್ತೇನೆ’ ಎನ್ನಿ, ಮೇಷ್ಟ್ರೇ.

ಮರ್ಯಾದೆ ಕೊಡಿ ಎಂದು ಜನರಿಗೇ ಯಾಕೆ ಹೇಳುತ್ತೀರಿ? ಸಂಬಳ ತಗೊಳ್ಳುವವರು ಅವರು. ಚಪ್ಪಲಿ ಹಾಕಿಕೊಂಡು ಹೋದರೆ ‘ಏನೋ’, ಬೂಟು ಹಾಕಿಕೊಂಡು ಹೋದರೆ ‘ಹೇಳಿ ಸರ್’.
— ಕಾನೂನು ವಿದ್ಯಾರ್ಥಿ, ಕಲಬುರಗಿ

ನೀವು ಹೇಳಿದ್ದು ನಿಜ. ಬಡವನು ಎಷ್ಟೇ ವಿನಯದಿಂದ ಮಾತಾಡಿದರೂ ಬೈಸಿಕೊಂಡದ್ದನ್ನು ನಾನು ಕಂಡಿದ್ದೇನೆ. ಮೊದಲ ಜವಾಬ್ದಾರಿ ಸಮವಸ್ತ್ರದ್ದೇ. ಆದರೆ ನನಗೆ ಪತ್ರ ಬರೆಯುವವರು ಮೇಜಿನ ಈಚೆ ಕುಳಿತವರು, ಅವರ ಕೈಲಾಗುವುದನ್ನಷ್ಟೇ ಹೇಳಬಲ್ಲೆ. ಮರ್ಯಾದೆ ಎಂದರೆ ಬಗ್ಗುವುದು ಎಂದು ನಾನೆಂದೂ ಬರೆದಿಲ್ಲ. ನೆಟ್ಟಗೆ ನಿಂತು, ‘ಸರ್, ದಯವಿಟ್ಟು ಬಹುವಚನದಲ್ಲಿ ಮಾತಾಡಿ’ ಎಂದು ತಣ್ಣಗೆ ಹೇಳಿದ ಒಬ್ಬ ಗಾರೆ ಕೆಲಸದವನ ಮುಂದೆ ನಮ್ಮ ಇಡೀ ಠಾಣೆ ಸುಮ್ಮನಾದದ್ದುಂಟು. ಕೈ ಮಾಡಿದರೆ, ದುಡ್ಡು ಕೇಳಿದರೆ ಮಾತ್ರ ಸರ್ ಗಿರ್ ಬೇಡ. ಎದೆ ಮೇಲಿನ ಹೆಸರು ಓದಿಕೊಳ್ಳಿ, ಸಮಯ ಗುರುತು ಹಾಕಿಕೊಳ್ಳಿ, ಪೊಲೀಸ್ ದೂರು ಪ್ರಾಧಿಕಾರಕ್ಕೆ ಬರೆಯಿರಿ. ಕಾನೂನು ಓದುತ್ತಿರುವವರು ಇಂಥ ಅರ್ಜಿಗಳನ್ನು ನಾಲ್ಕು ಜನಕ್ಕೆ ಬರೆದುಕೊಟ್ಟರೆ ಇನ್ನೂ ಒಳ್ಳೆಯದು.

ಪಾಸ್‌ಪೋರ್ಟ್ ಪರಿಶೀಲನೆಗೆ ಮನೆಗೆ ಬರುವ ಪೊಲೀಸರಿಗೆ ಚಹಾ ಕೊಡಬಹುದೇ? ‘ಚಹಾ ಖರ್ಚು’?
— ಓದುಗಿ, ಹುಬ್ಬಳ್ಳಿ

ಚಹಾ ಕೊಡಿ, ಮನೆಗೆ ಬಂದವರು. ಖರ್ಚು ಕೊಡಬೇಡಿ. ಪಾಸ್‌ಪೋರ್ಟ್ ಶುಲ್ಕ ಆಗಲೇ ಕಟ್ಟಿದ್ದೀರಿ, ಮೇಲಾಗಿ ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ದೂರು ಕೊಡಬೇಕು. ಆಧಾರ್, ವಿಳಾಸದ ದಾಖಲೆ ಮೇಜಿನ ಮೇಲೆ ಜೋಡಿಸಿಟ್ಟಿರಿ. ಸಕ್ಕರೆ ಮಾತ್ರ ಕೇಳಿಯೇ ಹಾಕಿ, ನಮ್ಮ ಇಲಾಖೆಯಲ್ಲಿ ಶುಗರ್ ಇರುವವರು ಬಹಳ.