ಅವ್ವ ಯಾಕೆ ಸಮುದ್ರಕ್ಕೆ ಬೆನ್ನು ಮಾಡಿ ಕೂತರು?

ಪ್ರಿಯರೇ,

ನಮಸ್ಕಾರ. ನೀವು ಕಳಿಸಿದ ‘ಮರಳಿ ಬಾರದ ಸುವರ್ಣ ದಿನಗಳು’ ಲೇಖನವನ್ನು ಮೂರು ಸಲ ಓದಿದೆ. ಎರಡು ತಿಂಗಳು ಕಾಯಿಸಿದ್ದಕ್ಕೆ ಕ್ಷಮಿಸಿ. ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಈಗಿರುವ ಹಾಗೆ ಇದನ್ನು ನಾವು ಪ್ರಕಟಿಸುವುದಿಲ್ಲ. ಆದರೆ ಸುಮ್ನೆ ‘ವಿಷಾದಿಸುತ್ತೇವೆ’ ಅಂತ ಎರಡು ಸಾಲು ಬರೆದು ವಾಪಸ್ ಕಳಿಸಲು ಮನಸ್ಸು ಬರಲಿಲ್ಲ. ಈ ಲೇಖನದ ಒಳಗೆ ಇನ್ನೊಂದು ಲೇಖನ ಅವಿತು ಕೂತಿದೆ. ನನಗೆ ಅದು ಬೇಕು. ಅದಕ್ಕೇ ಇಷ್ಟುದ್ದದ ಪತ್ರ.

ನಾನು ಅರ್ಥ ಮಾಡಿಕೊಂಡದ್ದು ಇಷ್ಟು. ತಂದೆ ಡಾಕ್ಟರು. 1975ರಲ್ಲಿ ಧಾರವಾಡ ಬಿಟ್ಟು ವೇಲ್ಸ್‌ನ ಪಶ್ಚಿಮ ಕರಾವಳಿಯ ಅಬರಿಸ್ಟ್ವಿತ್ ಅನ್ನುವ ಊರಿಗೆ ಕೆಲಸಕ್ಕೆ ಹೋದರು. ನಿಮಗಾಗ ನಾಲ್ಕು ವರ್ಷ. 1980ರಲ್ಲಿ ಎಲ್ಲರೂ ವಾಪಸ್ ಬಂದಿರಿ. ಆ ಐದು ವರ್ಷಗಳ ಬಗ್ಗೆ ಈಗ, ಐವತ್ತು ದಾಟಿದ ಮೇಲೆ, ಬರೆಯಲು ಕೂತಿದ್ದೀರಿ. ವಿಷಯ ಬಹಳ ಒಳ್ಳೆಯದು. ಲಂಡನ್ ನೋಡಿ ಬಂದವರ ಲೇಖನಗಳು ನಮ್ಮಲ್ಲಿಗೆ ಬೇಕಾದಷ್ಟು ಬರುತ್ತವೆ. ವೇಲ್ಸ್‌ನ ಕಡಲ ದಂಡೆಯಲ್ಲಿ ಕನ್ನಡ ಮಾತಾಡಿಕೊಂಡು ಬೆಳೆದ ಹುಡುಗನ ಬರಹ ನನ್ನ ಮೇಜಿಗೆ ಬಂದದ್ದು ಇದೇ ಮೊದಲು.

ನಿಮ್ಮ ಮೊದಲ ವಾಕ್ಯ ಹೀಗಿದೆ: ‘ನೀಲ ಸಾಗರದ ಅಲೆಗಳು ಬಂಗಾರದ ಮರಳಿಗೆ ಮುತ್ತಿಕ್ಕುತ್ತಿದ್ದ ಆ ಮಧುರ ಕ್ಷಣಗಳನ್ನು ನೆನೆದರೆ ಇಂದಿಗೂ ಮೈ ಪುಳಕಗೊಳ್ಳುತ್ತದೆ.’

ನಾನು ಕಾರವಾರದವಳು. ಈ ವಾಕ್ಯವನ್ನು ಕಾರವಾರಕ್ಕೂ ಬರೆಯಬಹುದು, ಮಲ್ಪೆಗೂ ಬರೆಯಬಹುದು, ಗೋವಾಕ್ಕೂ ಬರೆಯಬಹುದು. ಅಬರಿಸ್ಟ್ವಿತ್‌ಗೆ ಮಾತ್ರ ಹೊಂದುವುದಿಲ್ಲ. ನಾನು ಆ ಊರಿಗೆ ಹೋದವಳಲ್ಲ. ಆದರೆ ನಿಮ್ಮ ಲೇಖನ ಬಂದ ಮೇಲೆ ಕೂತು ಅದರ ಬಗ್ಗೆ ಓದಿದೆ, ಫೋಟೋಗಳನ್ನು ನೋಡಿದೆ. ಅಲ್ಲಿ ಬಂಗಾರದ ಮರಳಿಲ್ಲ. ಅದು ಬೂದು ಬಣ್ಣದ ದಂಡೆ. ಉರುಟು ಕಲ್ಲುಗಳು, ನಡುನಡುವೆ ಕಪ್ಪಗಿನ ದಪ್ಪ ಮರಳು. ಅಂಥ ಕಲ್ಲಿನ ಮೇಲೆ ಐದು ವರ್ಷದ ಹುಡುಗ ಬರಿಗಾಲಲ್ಲಿ ನೀರಿನವರೆಗೆ ಹೋಗಬೇಕಾದರೆ ಹೇಗೆ ಹೋಗುತ್ತಾನೆ? ಕೈ ಎರಡೂ ಅಗಲ ಮಾಡಿ, ಒಂದೊಂದೇ ಹೆಜ್ಜೆ ಹುಡುಕಿ ಇಡುತ್ತಾನೆ, ಅಲ್ವಾ? ಅಲೆ ವಾಪಸ್ ಹೋಗುವಾಗ ಸಣ್ಣ ಕಲ್ಲುಗಳನ್ನೂ ಎಳೆದುಕೊಂಡು ಹೋಗುತ್ತದೆ. ಮೊರದಲ್ಲಿ ಕಡಲೆ ಕೇರಿದ ಹಾಗೆ ಸದ್ದಾಗುತ್ತದೆ. ಮರಳಿನ ದಂಡೆಯಲ್ಲಿ ಬೆಳೆದ ನನಗೆ ಆ ಸದ್ದು ಗೊತ್ತಿರಲಿಲ್ಲ. ನಿಮಗೆ ಗೊತ್ತಿರಲೇಬೇಕು. ಐದು ವರ್ಷ ಕೇಳಿದ್ದೀರಿ. ಅದು ಲೇಖನದಲ್ಲಿ ಎಲ್ಲೂ ಇಲ್ಲ.

ಬಂಗಾರದ ಮರಳು ನಿಮ್ಮ ನೆನಪಲ್ಲ. ಬಾಲ್ಯ ಅಂದರೆ ಹೀಗೇ ಬರೆಯಬೇಕು ಅಂತ ಆಮೇಲೆ ಓದಿದ ಬರಹಗಳಿಂದ ಬಂದು ಸೇರಿಕೊಂಡದ್ದು. ಇಡೀ ಲೇಖನದಲ್ಲಿ ನನಗಿರುವ ದೊಡ್ಡ ತಕರಾರು ಇದೇ.

ಇನ್ನೊಂದು ಜಾಗದಲ್ಲಿ ಬರೆದಿದ್ದೀರಿ: ‘ಬೇಸಿಗೆ ರಜೆಯಲ್ಲಿ ದಿನವೂ ಸಂಜೆ ಆರಕ್ಕೆ ಸೂರ್ಯಾಸ್ತ ನೋಡಿ, ಮನೆಗೆ ಬಂದು ಊಟ ಮಾಡಿ ಮಲಗುತ್ತಿದ್ದೆವು.’ ಆರಕ್ಕೆ ಸೂರ್ಯ ಮುಳುಗುವುದು ಧಾರವಾಡದಲ್ಲಿ. ಜುಲೈ ಕೊನೆಗೆ, ಅಲ್ಲಿನ ಶಾಲೆಗಳಿಗೆ ರಜೆ ಬಂದಾಗ, ಆ ಊರಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ದಾಟಿದ ಮೇಲೆ. ಹಾಗಾದರೆ ನಿಜವಾಗಿ ನಡೆದದ್ದು ಏನು? ಹೊರಗೆ ಹಾಡಹಗಲಿನಂಥ ಬೆಳಕಿದ್ದಾಗಲೇ ನಿಮ್ಮನ್ನು ಮಲಗಿಸುತ್ತಿದ್ದರು. ಪರದೆ ಎಳೆದರೂ ಬೆಳಕು ಒಳಗೆ ಬರುತ್ತಿತ್ತು. ಬೀದಿಯಲ್ಲಿ ಬೇರೆ ಮಕ್ಕಳ ಗಲಾಟೆ ಕೇಳುತ್ತಿತ್ತೇನೋ. ನನ್ನದು ಊಹೆ ಅಷ್ಟೇ. ನಿಮ್ಮದು ಊಹೆ ಆಗಬೇಕಿಲ್ಲ. ಕಣ್ಣು ಮುಚ್ಚಿ ಆ ಕೋಣೆಗೆ ಒಂದು ಸಲ ಹೋಗಿ ಬನ್ನಿ.

ಗುಡ್ಡದ ಮೇಲಿನ ಕ್ಯಾಮೆರಾ ಅಬ್ಸ್ಕ್ಯೂರಾ, ಅಂದರೆ ಹೊರಗಿನ ನೋಟವನ್ನು ಕತ್ತಲ ಕೋಣೆಯೊಳಗೆ ಮೂಡಿಸುವ ಸಾಧನ, ಅದರ ವಿಷಯವೂ ಇಂಥದ್ದೇ. ಏಳು ವರ್ಷದವರಿದ್ದಾಗ, 1978ರಲ್ಲಿ, ಕತ್ತಲ ಕೋಣೆಯಲ್ಲಿ ದುಂಡು ಮೇಜಿನ ಮೇಲೆ ಇಡೀ ಊರು ಓಡಾಡುವುದನ್ನು ನೋಡಿದೆ ಅಂದಿದ್ದೀರಿ. ಈಗ ಅಲ್ಲಿರುವುದು ಶುರುವಾದದ್ದೇ 1985ರಲ್ಲಿ. ನೀವು 1996ರಲ್ಲಿ ಹೆಂಡತಿಯ ಜೊತೆ ಮತ್ತೆ ಹೋಗಿದ್ದೆ ಅಂತ ಕೊನೆಯಲ್ಲಿ ಬರೆದಿದ್ದೀರಲ್ಲ, ಆಗ ನೋಡಿರಬೇಕು. ಒಂದು ನೆನಪು ಇನ್ನೊಂದರ ಮೇಲೆ ಹೋಗಿ ಕೂತಿದೆ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ, ಎಲ್ಲರಿಗೂ ಆಗುತ್ತದೆ. ಮುಚ್ಚಿಡಬೇಡಿ, ಅದನ್ನೇ ಬರೆಯಿರಿ. ಇಪ್ಪತ್ತೈದರ ಯುವಕ ನೋಡಿದ್ದನ್ನು ಏಳರ ಹುಡುಗ ಯಾಕೆ ತನ್ನದು ಅಂದುಕೊಂಡ ಅನ್ನುವುದು ಓದುವಂಥ ವಿಷಯ.

ರೈಡಾಲ್ ಕಣಿವೆಯ ಪುಟ್ಟ ರೈಲಿಗೆ ಒಂದೂವರೆ ಪುಟ ಕೊಟ್ಟಿದ್ದೀರಿ. 1902ರಲ್ಲಿ ಶುರುವಾಯಿತು, ಡೆವಿಲ್ಸ್ ಬ್ರಿಡ್ಜ್‌ವರೆಗೆ ಸುಮಾರು 19 ಕಿಲೋಮೀಟರ್, ಬ್ರಿಟಿಷ್ ರೈಲ್‌ನವರು ಕೊನೆಯವರೆಗೆ ಹಬೆಯಲ್ಲಿ ಓಡಿಸಿದ್ದು ಇದೊಂದೇ ದಾರಿ. ಎಲ್ಲ ಸರಿ. ಆದರೆ ಇದು ಹುಡುಕಿದವರಿಗೆಲ್ಲ ಸಿಗುತ್ತದೆ. ಆ ಪುಟಗಳಲ್ಲಿ ನಿಮ್ಮದು ಅಂತ ಇರುವುದು ‘ಕಣ್ಣಿಗೆ ಕಲ್ಲಿದ್ದಲಿನ ಕಣ ಬಿದ್ದು ಅಪ್ಪ ಕರ್ಚೀಫಿನ ತುದಿಯಿಂದ ತೆಗೆದರು’ ಅನ್ನುವ ಒಂದು ಸಾಲು. ಆ ಸಾಲು ಇಟ್ಟುಕೊಂಡು ಉಳಿದದ್ದು ತೆಗೆಯಿರಿ.

ಅಪ್ಪನ ವಿಷಯ ಬಂತು. ‘ಅಪ್ಪ ಪ್ರತಿ ಸಂಜೆ ವಾಯುವಿಹಾರಕ್ಕೆ ಕರೆದೊಯ್ಯುತ್ತಿದ್ದರು’ ಅಂದು ಮುಗಿಸಿದ್ದೀರಿ. ಆ ಊರಿನಲ್ಲಿ ಒಂದು ಪದ್ಧತಿ ಇದೆ. ಕಡಲ ದಂಡೆಯ ಹಾದಿಯಲ್ಲಿ ಉತ್ತರದ ತುದಿಯವರೆಗೆ, ಕಾನ್‌ಸ್ಟಿಟ್ಯೂಷನ್ ಹಿಲ್‌ನ ಬುಡದವರೆಗೆ ನಡೆದವರು ಅಲ್ಲಿನ ಕಬ್ಬಿಣದ ಸರಳಿಗೆ ಕಾಲಿನಿಂದ ಒಂದು ಒದೆ ಕೊಟ್ಟು ವಾಪಸ್ ತಿರುಗುತ್ತಾರೆ. ಊರವರು, ಕಾಲೇಜಿನ ಹುಡುಗರು, ಎಲ್ಲರೂ. ನಿಮ್ಮ ತಂದೆ ಒದ್ದರಾ? ಟೈ ಕಟ್ಟಿದ, ಗಂಭೀರವಾದ, ಯಾವ ವಸ್ತುವಿಗೂ ಕಾಲು ತಾಗಿಸಬಾರದು ಅಂತ ಕಲಿತು ಬೆಳೆದ ಧಾರವಾಡದ ಡಾಕ್ಟರು. ಒದ್ದಿದ್ದರೂ ಸರಿ, ಒದೆಯದೆ ತಿರುಗಿದ್ದರೂ ಸರಿ, ನನಗೆ ಅದು ಗೊತ್ತಾಗಬೇಕು. ವಾಯುವಿಹಾರ ಅನ್ನುವ ಪದದಲ್ಲಿ ನಿಮ್ಮ ಅಪ್ಪ ಕಾಣುವುದೇ ಇಲ್ಲ.

ಈಗ ಪಕ್ಕದ ಮನೆಯವರ ವಿಷಯ. ‘ನೆರೆಯಲ್ಲಿ ಮಾಮ್‌ಗೀ ಎಂಬ ವೃದ್ಧೆ ಇದ್ದರು. ಅವರು ನಮಗೆ ಮುಳುಗಿದ ರಾಜ್ಯದ ಕಥೆ ಹೇಳುತ್ತಿದ್ದರು’ ಅಂತ ಬರೆದು, ಮುಂದೆ ಎರಡು ಪುಟ ಆ ಕಥೆಯನ್ನೇ ಹೇಳಿದ್ದೀರಿ. ಕಾಂತ್ರೆರ್ ಗ್ವೈಲೋದ್ ಅನ್ನುವ ಸೀಮೆ, ಕಡಲ ಬಾಗಿಲು ಕಾಯುವ ಸೈಥೆನಿನ್ ಕುಡಿದು ಮೈಮರೆತದ್ದು, ನೀರು ನುಗ್ಗಿದ್ದು, ಈಗಲೂ ನೀರಿನ ಅಡಿಯಿಂದ ಗಂಟೆ ಕೇಳುತ್ತದೆ ಅನ್ನುವುದು. ಕಥೆ ಚೆನ್ನಾಗಿದೆ. ಆದರೆ ನನಗೆ ಆ ಅಜ್ಜಿ ಬೇಕು.

ನಿಮಗೊಂದು ವಿಷಯ ಹೇಳಲೇ? ಮಾಮ್‌ಗೀ ಅನ್ನುವುದು ಅವರ ಹೆಸರಲ್ಲ. ವೇಲ್ಸ್‌ನ ಆ ಭಾಗದಲ್ಲಿ, ದಕ್ಷಿಣದ ಕಡೆ, ಅಜ್ಜಿಗೆ ಹಾಗನ್ನುತ್ತಾರೆ. ಅವರ ಮೊಮ್ಮಕ್ಕಳು ಕೂಗಿದ್ದನ್ನು ಕೇಳಿ ನೀವೂ ಹಾಗೇ ಕೂಗಿರಬೇಕು. ಐವತ್ತು ವರ್ಷ ಅದನ್ನು ಅವರ ಹೆಸರು ಅಂದುಕೊಂಡಿದ್ದೀರಿ. ಐದು ವರ್ಷ ನೀವು ಅವರನ್ನು ‘ಅಜ್ಜಿ’ ಅಂತಲೇ ಕರೆದಿದ್ದೀರಿ, ಗೊತ್ತಿಲ್ಲದೆ. ಅವರಿಗೆ ಗೊತ್ತಿತ್ತು. ಅವರು ತಿದ್ದಲಿಲ್ಲ. ಇದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಏನೂ ಮಾಡದೆ ಕೂತೆ.

ಇನ್ನು ಬೋರ್ತ್. ‘ಒಮ್ಮೆ ಬೋರ್ತ್‌ಗೆ ಹೋಗಿದ್ದೆವು, ಅಲ್ಲಿ ಮರದ ಬೊಡ್ಡೆಗಳಿದ್ದವು’ ಅನ್ನುವ ಒಂದೇ ಸಾಲು. ಅದು ನಿಮ್ಮ ಊರಿನ ಉತ್ತರಕ್ಕೆ ಸ್ವಲ್ಪವೇ ದೂರ. ನೀರು ಇಳಿದಾಗ ಸಮುದ್ರದ ಒಳಗಿಂದ ಮರಗಳ ಬುಡ ಮೇಲೆ ಕಾಣುತ್ತವೆ. ಓಕ್, ಪೈನ್, ಬರ್ಚ್. 4,500 ವರ್ಷಗಳಷ್ಟು ಹಿಂದೆ ಸತ್ತ ಕಾಡು, ಬೇರು ಸಮೇತ ಹಾಗೇ ನಿಂತಿದೆ. ಆ ಅಜ್ಜಿ ಹೇಳಿದ ಕಥೆಗೆ ಇದೇ ಸಾಕ್ಷಿ ಅಂತ ಅಲ್ಲಿನವರು ತೋರಿಸುತ್ತಾರೆ. ನಿಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋದವರು ಯಾರು? ಆ ಬೊಡ್ಡೆ ಮುಟ್ಟಿದಿರಾ? ಮೆತ್ತಗಿತ್ತಾ, ಗಟ್ಟಿಯಾಗಿತ್ತಾ? ಕಥೆಯ ರಾಜ್ಯ ನಿಜ ಅಂತ ಆವತ್ತು ನಂಬಿದಿರಾ? ಎರಡು ಪುಟದ ಕಥೆಯನ್ನು ನಾಲ್ಕು ಸಾಲಿಗೆ ಇಳಿಸಿ, ಈ ಒಂದು ಸಾಲನ್ನು ಒಂದು ಪುಟ ಮಾಡಿ.

ಒಂದು ತಪ್ಪನ್ನು ಮಾತ್ರ ಖಂಡಿತ ತಿದ್ದಲೇಬೇಕು. ನಾಲ್ಕು ಕಡೆ ‘ಇಂಗ್ಲೆಂಡಿನ ಆ ಪುಟ್ಟ ಊರು’ ಅಂದಿದ್ದೀರಿ. ವೇಲ್ಸ್ ಬೇರೆ, ಇಂಗ್ಲೆಂಡ್ ಬೇರೆ. ಊರಿನ ಹೆಸರನ್ನೇ ನೋಡಿ. ‘ಅಬರ್’ ಅಂದರೆ ವೆಲ್ಷ್ ಭಾಷೆಯಲ್ಲಿ ನದಿ ಕಡಲು ಸೇರುವ ಜಾಗ, ನಮ್ಮ ಕಡೆ ಅಳಿವೆ ಅನ್ನುತ್ತೇವಲ್ಲ, ಅದು. ಇಸ್ಟ್ವಿತ್ ನದಿಯ ಅಳಿವೆ. ಕಾಳಿ ನದಿಯ ಅಳಿವೆ ನೋಡುತ್ತ ಬೆಳೆದ ನನಗೆ ಇದು ತಿಳಿದಾಗ ಆ ಊರು ಸ್ವಲ್ಪ ಹತ್ತಿರ ಬಂದ ಹಾಗಾಯಿತು. ‘ಅಲ್ಲಿನ ಜನ ಇಂಗ್ಲಿಷ್ ಮಾತಾಡುತ್ತಿದ್ದರು’ ಅಂತಲೂ ಬರೆದಿದ್ದೀರಿ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಮಾಮ್‌ಗೀಯ ಅಡುಗೆಮನೆಯಲ್ಲಿ ನಿಮ್ಮ ಕಿವಿಗೆ ಬಿದ್ದ ಇನ್ನೊಂದು ಭಾಷೆ ಎಲ್ಲಿ ಹೋಯಿತು?

ಅದರ ಗುರುತು ನಿಮ್ಮ ಲೇಖನದಲ್ಲೇ ಇದೆ, ನೀವು ಗಮನಿಸಿಲ್ಲ. ‘ಕಿಡಿಗೇಡಿಗಳು ದಾರಿಯ ಫಲಕಕ್ಕೆ ಹಸಿರು ಬಣ್ಣ ಬಳಿದಿದ್ದರಿಂದ ಅಪ್ಪ ಒಮ್ಮೆ ದಾರಿ ತಪ್ಪಿದರು.’ ಅವರು ಕಿಡಿಗೇಡಿಗಳಾಗಿರಲಿಲ್ಲ. ತಮ್ಮ ಭಾಷೆಗಾಗಿ ಹೋರಾಡುತ್ತಿದ್ದವರು. 1963ರ ಫೆಬ್ರವರಿ 2ರಂದು ನಿಮ್ಮದೇ ಊರಿನ ಟ್ರೆವೆಖನ್ ಸೇತುವೆಯ ಮೇಲೆ ಹುಡುಗ ಹುಡುಗಿಯರು ಕೂತು ರಸ್ತೆ ತಡೆದಿದ್ದರು. ಕೋರ್ಟಿನ ಸಮನ್ಸ್ ವೆಲ್ಷ್‌ನಲ್ಲಿ ಕೊಡಿ ಅನ್ನುವುದು ಅವರ ಬೇಡಿಕೆ. ಅದೇ ಹೋರಾಟದವರು ಆಮೇಲೆ ಬರೀ ಇಂಗ್ಲಿಷ್ ಇದ್ದ ಫಲಕಗಳಿಗೆ ಹಸಿರು ಬಣ್ಣ ಬಳಿಯುತ್ತ ಹೋದರು. ನೀವು ಧಾರವಾಡಕ್ಕೆ ವಾಪಸ್ ಬಂದ ಎರಡು ವರ್ಷಕ್ಕೆ, 1982ರಲ್ಲಿ, ಗೋಕಾಕ್ ಚಳವಳಿ ನಿಮ್ಮ ಕಣ್ಣೆದುರೇ ನಡೆಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಅಲ್ಲಿ ವೆಲ್ಷ್ ಭಾಷೆಯ ಟೀವಿ ಚಾನೆಲ್ ಶುರುವಾಯಿತು. ಅಲ್ಲಿ ಬಣ್ಣ ಬಳಿದ ಫಲಕ, ಇಲ್ಲಿ ಕನ್ನಡದ ಮೆರವಣಿಗೆ, ಎರಡನ್ನೂ ನೋಡಿದ ಹುಡುಗ ನೀವು. ಹೋಲಿಸಿ ಭಾಷಣ ಮಾಡಿ ಅನ್ನುತ್ತಿಲ್ಲ. ಕಾರು ನಿಂತದ್ದು, ಅಪ್ಪ ಇಳಿದು ಫಲಕ ನೋಡಿದ್ದು, ಏನು ಅಂದರು ಅನ್ನುವುದನ್ನು ಬರೆಯಿರಿ. ಕನ್ನಡದ ಓದುಗರಿಗೆ ಅಷ್ಟೇ ಸಾಕು.

ಕೊನೆಯ ಪ್ಯಾರಾ, ಈಗಿನ ಮಕ್ಕಳು ಮೊಬೈಲಿನಲ್ಲೇ ಮುಳುಗಿದ್ದಾರೆ ಅನ್ನುವುದು, ಪೂರ್ತಿ ಬೇಡ.

ಇನ್ನು ನಾನು ಇಷ್ಟೆಲ್ಲ ಬರೆಯಲು ಕಾರಣವಾದ ಸಾಲು. ನಾಲ್ಕನೆಯ ಪುಟದ ಮಧ್ಯದಲ್ಲಿದೆ. ‘ನಾವು ದಂಡೆಯಲ್ಲಿ ಆಡುತ್ತಿದ್ದೆವು. ಅವ್ವ ಮಾತ್ರ ಸಮುದ್ರಕ್ಕೆ ಬೆನ್ನು ಮಾಡಿ ಕೂಡುತ್ತಿದ್ದಳು. ಅವಳಿಗೆ ಗಾಳಿ ಆಗುತ್ತಿರಲಿಲ್ಲ.’ ಮುಂದಿನ ವಾಕ್ಯದಲ್ಲೇ ಐಸ್‌ಕ್ರೀಮಿಗೆ ಹೋಗಿಬಿಟ್ಟಿದ್ದೀರಿ.

ಲೇಖನದಲ್ಲಿ ಒಂದೇ ಒಂದು ಅಲಂಕಾರ ಇಲ್ಲದ ಜಾಗ ಇದು. ಇದನ್ನು ಯಾರಿಂದಲೂ ಎರವಲು ತಂದಿಲ್ಲ. ನೀವೇ ನೋಡಿದ್ದು. ಗಾಳಿಯ ಕಾರಣ ನಿಜವೇ ಇರಬಹುದು, ಆ ಕಡಲಿನ ಗಾಳಿ ಜೋರು. ಆದರೆ ಅಷ್ಟೇ ಅಂತ ನನಗೆ ಅನ್ನಿಸುವುದಿಲ್ಲ. ನಿಮಗೂ ಅನ್ನಿಸಿಲ್ಲ, ಇಲ್ಲದಿದ್ದರೆ ಐವತ್ತು ವರ್ಷ ನೆನಪಿಡುತ್ತಿರಲಿಲ್ಲ. ಕಡಲಿಗೆ ಬೆನ್ನು ಮಾಡಿ ಕೂತರೆ ಎದುರಿಗೆ ಏನು ಕಾಣುತ್ತದೆ? ಸಾಲಾಗಿ ನಿಂತ ಹಳೆಯ ಎತ್ತರದ ಮನೆಗಳು, ಕಿಟಕಿಗಳು, ಹೋಗಿ ಬರುವ ಜನ. ಅವ್ವ ದಿನಾ ಅದನ್ನು ನೋಡುತ್ತಿದ್ದರು. ಇನ್ನೊಂದು ಮಾತು. ನೀವು ನೀರಿನ ಹತ್ತಿರ ಆಡುತ್ತಿದ್ದರೆ, ಬೆನ್ನು ಮಾಡಿ ಕೂತ ತಾಯಿಗೆ ನೀವು ಕಾಣುತ್ತಿರಲಿಲ್ಲ. ಹಾಗಾದರೆ ನಿಮ್ಮ ಮೇಲೆ ಕಣ್ಣಿಟ್ಟಿದ್ದವರು ಯಾರು? ಮಾಮ್‌ಗೀನಾ? ಇಬ್ಬರೂ ಒಂದೇ ಬೆಂಚಿನ ಮೇಲೆ, ಒಬ್ಬರು ಆ ಕಡೆ, ಒಬ್ಬರು ಈ ಕಡೆ ಮುಖ ಮಾಡಿ ಕೂತಿರುತ್ತಿದ್ದರಾ? ಕನ್ನಡ ಮಾತ್ರ ಬರುವ ಒಬ್ಬರು, ವೆಲ್ಷ್‌ನಲ್ಲೇ ಬಾಳಿದ ಇನ್ನೊಬ್ಬರು, ಅವರಿಬ್ಬರೂ ಏನು ಮಾತಾಡಿರಬಹುದು?

ಜೊತೆಗೆ ಕಳಿಸಿದ ಪತ್ರದಲ್ಲಿ ಅವ್ವ ಧಾರವಾಡದಲ್ಲೇ ಇದ್ದಾರೆ, ಎಂಬತ್ತೊಂದು ವರ್ಷ, ನೆನಪು ಚೆನ್ನಾಗಿದೆ ಅಂತ ಬರೆದಿದ್ದೀರಿ. ದಯವಿಟ್ಟು ಮೊದಲು ಅವರ ಹತ್ತಿರ ಹೋಗಿ ಕೂತುಕೊಳ್ಳಿ. ‘ನಿನಗೆ ಅಲ್ಲಿ ಬೇಜಾರಾಗಿತ್ತಾ’ ಅಂತ ಕೇಳಬೇಡಿ, ‘ಹಂಗೇನಿಲ್ಲ’ ಅಂದುಬಿಡುತ್ತಾರೆ. ಆ ಬೆಂಚು ಎಲ್ಲಿತ್ತು ಅಂತ ಕೇಳಿ. ಕಾಲಿಗೆ ಏನು ಹಾಕಿಕೊಳ್ಳುತ್ತಿದ್ದರು, ಚೀಲದಲ್ಲಿ ತಿನ್ನಲು ಏನು ಇರುತ್ತಿತ್ತು, ಮಾಮ್‌ಗೀಗೆ ಅದನ್ನು ಕೊಟ್ಟರಾ ಅಂತ ಕೇಳಿ. ಉತ್ತರವನ್ನು ಅವರ ಧಾರವಾಡದ ಮಾತಿನಲ್ಲೇ ಬರೆದುಕೊಳ್ಳಿ, ಗ್ರಾಂಥಿಕ ಮಾಡಬೇಡಿ.

ಹೊಸ ಲೇಖನ 1,500 ಪದ ಇದ್ದರೆ ಸಾಕು. ಹೆಸರು ಆಮೇಲೆ ಇಡೋಣ. ಅವಸರವಿಲ್ಲ, ದೀಪಾವಳಿ ಆದ ಮೇಲೆ ಕಳಿಸಿದರೂ ನಾನೇ ಓದುತ್ತೇನೆ. ಅವ್ವನಿಗೆ ನನ್ನ ನಮಸ್ಕಾರ ತಿಳಿಸಿ. ಮಾಮ್‌ಗೀ ಅಂದರೆ ಅಜ್ಜಿ ಅಂತ ಅವರಿಗೂ ಹೇಳಿ.

ಇತಿ,
ಸಂಪಾದಕಿ