ಗಿರಣಿಯ ಇಂಟರ್‌ನೆಟ್ ಸಂಪರ್ಕದಲ್ಲಿ ಟಾರ್ ಸರ್ವರ್ ನಡೆಸಬಹುದೇ?

ಪ್ರಶ್ನೆ: ನಾನು ಗಂಗಾವತಿಯವನು, ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ಗುರುತು ಬಿಟ್ಟುಕೊಡದೆ ಇಂಟರ್‌ನೆಟ್ ಬಳಸಲು ನೆರವಾಗುವ ಟಾರ್ ಜಾಲಕ್ಕಾಗಿ ಒಂದು ಎಕ್ಸಿಟ್ ಸರ್ವರ್ ನಡೆಸಬೇಕೆಂದಿದ್ದೇನೆ. ನಮ್ಮ ಮನೆಗೂ ತಂದೆಯವರ ಅಕ್ಕಿ ಗಿರಣಿಯ ಕಚೇರಿಗೂ ಒಂದೇ ಫೈಬರ್ ಸಂಪರ್ಕವಿದೆ. ಇದು ಕಾನೂನುಬಾಹಿರವೇ? ಅದರ ಮೂಲಕ ಯಾರಾದರೂ ಅಪರಾಧ ಎಸಗಿದರೆ ನೈತಿಕ ಹೊಣೆ ನನ್ನದೇ?

ಉತ್ತರ: ಟಾರ್ ಸರ್ವರ್ ನಡೆಸುವುದನ್ನೇ ಅಪರಾಧವೆನ್ನುವ ಕಲಮು ನಮ್ಮ ಕಾನೂನಿನಲ್ಲಿಲ್ಲ. ಆದರೂ ಗಿರಣಿಯ ಸಂಪರ್ಕದಲ್ಲಿ ಎಕ್ಸಿಟ್ ಸರ್ವರ್ ಇಡಬೇಡಿ ಎಂಬುದೇ ನನ್ನ ಸಲಹೆ. ಟಾರ್ ಬಳಸುವವರ ಸಂದೇಶ ಸಾಮಾನ್ಯವಾಗಿ ಮೂರು ಸರ್ವರ್‌ಗಳನ್ನು ದಾಟಿ ಹೋಗುತ್ತದೆ. ಎಕ್ಸಿಟ್ ಎಂದರೆ ಕೊನೆಯದು. ಅಪರಿಚಿತನೊಬ್ಬ ಅದರ ಮೂಲಕ ಬೆದರಿಕೆ ಕಳಿಸಿದರೆ ತಲುಪಿದ ಕಡೆ ದಾಖಲಾಗುವುದು ನಿಮ್ಮ ಐಪಿ ವಿಳಾಸ, ಅಂದರೆ ಇಂಟರ್‌ನೆಟ್‌ನಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ. ತನಿಖಾಧಿಕಾರಿ ಇಂಟರ್‌ನೆಟ್ ಕಂಪನಿಯನ್ನು ವಿಚಾರಿಸಿದಾಗ ಸಿಗುವುದು ಬಿಲ್ಲು ಯಾರ ಹೆಸರಿನಲ್ಲಿದೆಯೋ ಅವರ ಹೆಸರು. ಅದು ನಿಮ್ಮ ತಂದೆಯವರದೂ ಆಗಿರಬಹುದು.

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 79ನೇ ಕಲಮು ಪರರ ಮಾಹಿತಿಯನ್ನು ಕೇವಲ ದಾಟಿಸುವ ಮಧ್ಯವರ್ತಿಗೆ ಷರತ್ತುಬದ್ಧ ರಕ್ಷಣೆ ಕೊಡುತ್ತದೆ. ಆದರೆ ಅದು ನ್ಯಾಯಾಲಯದಲ್ಲಿ ವಾದಿಸಿ ಪಡೆಯಬೇಕಾದ ರಕ್ಷಣೆಯೇ ಹೊರತು ಜಪ್ತಿಯನ್ನು ಬಾಗಿಲಲ್ಲೇ ತಡೆಯುವಂಥದ್ದಲ್ಲ. ಕೊಪ್ಪಳದ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಠಾಣೆಯವರು ಬಂದರೆ ನಿಮ್ಮ ಲ್ಯಾಪ್‌ಟಾಪ್ ಜೊತೆಗೆ, ಭತ್ತದ ಖರೀದಿ ಲೆಕ್ಕ, ತೂಕದ ಚೀಟಿ, ರೈತರಿಗೆ ಕೊಡಬೇಕಾದ ಬಾಕಿ ಎಲ್ಲವೂ ಇರುವ ಗಿರಣಿಯ ಕಂಪ್ಯೂಟರನ್ನೂ ಒಯ್ಯಬಹುದು. ಸುಗ್ಗಿಯ ಹೊತ್ತಿನಲ್ಲಿ ಹೀಗಾದರೆ, ಮುಂದೆ ನೀವು ನಿರಪರಾಧಿ ಎಂದು ಸಾಬೀತಾದರೂ ಆಗ ಆಗುವ ನಷ್ಟ ತುಂಬಿಬಾರದು. 2017ರ ಏಪ್ರಿಲ್‌ನಲ್ಲಿ ಮಾಸ್ಕೋದಲ್ಲಿ ಎಕ್ಸಿಟ್ ಸರ್ವರ್ ನಡೆಸುತ್ತಿದ್ದ ಗಣಿತ ಅಧ್ಯಾಪಕರೊಬ್ಬರನ್ನು ಬಂಧಿಸಲಾಯಿತು. ಅವರ ಮೇಲಿನ ಆರೋಪವನ್ನು ಕೈಬಿಟ್ಟದ್ದು ಮರುವರ್ಷ.

ಇನ್ನೊಂದು ತೊಡಕು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಮಧ್ಯವರ್ತಿಯ ರಕ್ಷಣೆ ಬೇಕೆನ್ನುವವರು ಮಧ್ಯವರ್ತಿಯ ಕರ್ತವ್ಯಗಳನ್ನೂ ಹೊರಬೇಕಾಗುತ್ತದೆ. 2022ರ ಏಪ್ರಿಲ್ 28ರಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ ಹೊರಡಿಸಿದ ನಿರ್ದೇಶನದಂತೆ ಮಧ್ಯವರ್ತಿಗಳು ತಮ್ಮ ವ್ಯವಸ್ಥೆಯ ಲಾಗ್‌ಗಳನ್ನು (ಚಟುವಟಿಕೆಯ ದಾಖಲೆಗಳನ್ನು) 180 ದಿನ ಕಾಯ್ದಿಡಬೇಕು, ಸರ್ವರ್ ಬಾಡಿಗೆ ಕೊಡುವ ಕಂಪನಿಗಳು ಗ್ರಾಹಕರ ವಿವರಗಳನ್ನು ಐದು ವರ್ಷ ಇಡಬೇಕು. ಯಾರು ಎಲ್ಲಿಗೆ ಹೋದರೆಂಬುದನ್ನು ಬರೆದಿಡದಿರುವುದೇ ಟಾರ್‌ನ ಜೀವಾಳ. ಈ ಎರಡನ್ನೂ ಒಟ್ಟಿಗೆ ಪಾಲಿಸುವುದು ಎಕ್ಸಿಟ್ ನಡೆಸುವ ಒಬ್ಬ ವ್ಯಕ್ತಿಗೆ ಬಹಳ ಕಷ್ಟ.

ನೈತಿಕ ಹೊಣೆಯ ಬಗ್ಗೆ ಕೇಳಿದ್ದೀರಿ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಪತ್ರಕರ್ತರಿಗೆ ಸುದ್ದಿ ಕೊಡುವವರಿಗೂ, ಹೊಡೆಯುವ ಗಂಡನ ಕಣ್ತಪ್ಪಿಸಿ ನೆರವು ಹುಡುಕುವ ಹೆಣ್ಣುಮಗಳಿಗೂ ಈ ಜಾಲ ನಿಜವಾದ ಆಸರೆ. ವಂಚಕನೂ ಅದೇ ದಾರಿಯಲ್ಲಿ ಬರುತ್ತಾನೆ, ಅವನೊಬ್ಬನನ್ನೇ ಹೆಕ್ಕಿ ಹೊರಗಿಡಲಾಗದು. ಆದರೆ ನಿಮಗೆ ಗೊತ್ತಿಲ್ಲದೆ ಅವನು ಮಾಡಿದ್ದಕ್ಕೆ ನೀವು ಹೊಣೆಯೆಂದು ನಾನು ಭಾವಿಸುವುದಿಲ್ಲ. ಹಾದುಹೋಗುವ ದತ್ತಾಂಶವನ್ನು ಇಣುಕಿ ನೋಡಿದರೆ ಮಾತ್ರ, ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಆ ತಪ್ಪು ಸಂಪೂರ್ಣ ನಿಮ್ಮದೇ. ಅದಕ್ಕಿಂತ ಹತ್ತಿರದ ಹೊಣೆಯೆಂದರೆ ಮನೆಯವರ ಒಪ್ಪಿಗೆ. ಅಪಾಯವನ್ನು ಬಿಡಿಸಿ ಹೇಳದೆ ತಂದೆಯವರ ಹೆಸರಿನ ಸಂಪರ್ಕವನ್ನು ಇದಕ್ಕೆ ಬಳಸುವುದು ಸರಿಯಲ್ಲ.

ನೆರವಾಗಲೇಬೇಕೆಂದಿದ್ದರೆ, ಅವರಿಗೆ ತಿಳಿಸಿ ಒಪ್ಪಿಸಿದ ಮೇಲೆ, ಸ್ನೋಫ್ಲೇಕ್ ಎಂಬ ಬ್ರೌಸರ್ ವಿಸ್ತರಣೆಯನ್ನು ಕಚೇರಿಯದಲ್ಲದ, ನಿಮ್ಮ ಸ್ವಂತ ಕಂಪ್ಯೂಟರಿನಲ್ಲಿ ಹಾಕಿಕೊಳ್ಳಿ. ಟಾರ್ ನಿರ್ಬಂಧಿಸಿರುವ ದೇಶಗಳ ಜನರನ್ನು ಅದು ಜಾಲದೊಳಕ್ಕೆ ಸೇರಿಸುತ್ತದೆ. ಅವರು ತಲುಪುವ ಜಾಲತಾಣಗಳಲ್ಲಿ ನಿಮ್ಮ ಐಪಿ ವಿಳಾಸ ಕಾಣಿಸುವುದಿಲ್ಲ. ಮಧ್ಯದ ರಿಲೇ, ಅಂದರೆ ಸಂದೇಶವನ್ನು ಮುಂದಿನ ಟಾರ್ ಸರ್ವರ್‌ಗೆ ದಾಟಿಸುವ ನಡುವಿನ ಸರ್ವರ್ ಕೂಡ ಎಕ್ಸಿಟ್‌ಗಿಂತ ಸುರಕ್ಷಿತವೇ. ಆದರೆ ರಿಲೇಗಳ ವಿಳಾಸಪಟ್ಟಿ ಬಹಿರಂಗವಾಗಿರುವುದರಿಂದ ಕೆಲವು ತಾಣಗಳು ಅವನ್ನೆಲ್ಲ ತಡೆಹಿಡಿಯುತ್ತವೆ, ಗಿರಣಿಯ ಬ್ಯಾಂಕ್ ವ್ಯವಹಾರಕ್ಕೇ ಅಡ್ಡಿಯಾದೀತು.

ಎಂದಾದರೂ ಪೊಲೀಸ್ ನೋಟಿಸ್ ಬಂದರೆ ಏನನ್ನೂ ಅಳಿಸಬೇಡಿ, ಏಕೆಂದರೆ ಸಾಕ್ಷ್ಯನಾಶವೇ ಪ್ರತ್ಯೇಕ ಅಪರಾಧ. ವಕೀಲರ ಮೂಲಕ ಲಿಖಿತ ಉತ್ತರ ಕೊಡಿ.